ಒತ್ತು ಎಲ್ಲಿ ಬೀಳಬೇಕು?

ಕನ್ನಡ ತರಗತಿಯಲ್ಲಿ ಲಘು, ಗುರು ಹಾಕಿ ಮಾತ್ರೆ ಎಣಿಸಿದ ಮಕ್ಕಳಿಗೆ ಇಂಗ್ಲಿಷ್ ಶಬ್ದ ಒಡೆಯುವುದು ಅಂಥ ಕಷ್ಟವೇನಲ್ಲ. ಕಷ್ಟವಿರುವುದು ಒತ್ತಿನಲ್ಲಿ. ಗುರು ಎಂದರೆ ಎರಡು ಮಾತ್ರೆಯ ಕಾಲ. ಅವರ ‘ಸ್ಟ್ರೆಸ್’ ಎಂದರೆ ದನಿಯ ಬಲ. ನಮ್ಮ ಮಾತಿನಲ್ಲಿ ಆ ಬಲ ತುಸು ಅತ್ತಿತ್ತ ಆದರೆ ಶಬ್ದದ ಅರ್ಥ ಕೆಡುವುದಿಲ್ಲ. ಅಲ್ಲಿ ಹಾಗಲ್ಲ.

‘ಹಾರ್ಡ್-ವರ್ಕಿಂಗ್’ ಎಂಬ ಜೋಡಿ ವಿಶೇಷಣವನ್ನೇ ನೋಡಿ. ಹಾರ್ಡ್, ವರ್ಕ್, ಇಂಗ್ – ಮೂರೇ ಉಚ್ಚಾರಾಂಶ. ನಾವು ಧಾರಾಳವಾಗಿ ಉಕಾರ ಸೇರಿಸಿ ‘ಹಾರ್ಡು ವರ್ಕಿಂಗು’ ಎಂದು ಐದು ಮಾಡಿಬಿಡುತ್ತೇವೆ! ‘ಶಿ ಈಸ್ ಹಾರ್ಡ್-ವರ್ಕಿಂಗ್’ ಎಂದು ವಾಕ್ಯದ ಕೊನೆಗೆ ಬಂದರೆ ಮುಖ್ಯ ಒತ್ತು ‘ವರ್ಕ್’ ಮೇಲೆ. ‘ಹಾರ್ಡ್-ವರ್ಕಿಂಗ್ ಗರ್ಲ್’ ಎಂದರೆ ‘ಗರ್ಲ್’ಗೂ ಒತ್ತು ಬೇಕಲ್ಲ? ಬಸ್ಸಿನಲ್ಲಿ ಸರಿದು ಕೂತು ಜಾಗ ಬಿಡುವ ಹಾಗೆ ಒತ್ತು ‘ಹಾರ್ಡ್’ ಕಡೆಗೆ ಸರಿಯುತ್ತದೆ. ‘ಓಲ್ಡ್-ಫ್ಯಾಷನ್ಡ್’, ‘ಕೈಂಡ್-ಹಾರ್ಟೆಡ್’ ಕೂಡ ಹೀಗೆಯೇ. ‘ಹೋಮ್‌ಸಿಕ್’ ಮಾತ್ರ ಎಲ್ಲಿಟ್ಟರೂ ಒತ್ತು ‘ಹೋಮ್’ ಮೇಲೆಯೇ. ತವರು ಬಿಟ್ಟು ಬಂದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎನ್ನಬೇಡಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೀಡಿ ಕಟ್ಟುವ ತಾಯಿಯ ಮಗಳು. ತಾನೂ ಬೀಡಿ ಕಟ್ಟುತ್ತಲೇ ಡಿಗ್ರಿ ಮುಗಿಸಿದವಳು. ಕೆಲಸದ ಸಂದರ್ಶನದಲ್ಲಿ ತನ್ನ ಬಗ್ಗೆ ಹೇಳೆಂದಾಗ ಇದೇ ‘ಹಾರ್ಡು ವರ್ಕಿಂಗು’ ಎಂದಳಂತೆ. ಮೇಜಿನಾಚೆ ಕೂತವರು ಮುಖ ಮುಖ ನೋಡಿಕೊಂಡು ನಕ್ಕರಂತೆ.

“ಟೀಚರ್, ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು?” ಎಂದು ಕೇಳಿದಳು.

ಸುಳ್ಳೇನೂ ಇರಲಿಲ್ಲ. ಅವಳಷ್ಟು ದುಡಿದವರು ಆ ಕೋಣೆಯಲ್ಲಿ ಇನ್ನೊಬ್ಬರು ಇದ್ದಿರಲಾರರು. ಹಾಗೆಂದು ‘ಹೋಗಲಿ ಬಿಡು’ ಎನ್ನಲು ನನಗೆ ಮನಸ್ಸಾಗಲಿಲ್ಲ. ಇಂಗ್ಲಿಷ್ ಆಡುವ ಮನೆಯ ಮಕ್ಕಳಿಗೆ ಇದು ಕಿವಿಯಿಂದಲೇ ಬರುತ್ತದೆ. ಇವಳಂಥವರಿಗೆ ಶಾಲೆಯಲ್ಲಿ ಸಿಗದಿದ್ದರೆ ಇನ್ನೆಲ್ಲಿ ಸಿಕ್ಕೀತು?

ಈಗ ಎಂಟನೆಯ ತರಗತಿಯಲ್ಲಿ ವಾರಕ್ಕೊಂದು ಪೀರಿಯಡ್ ಇದಕ್ಕೇ ಮೀಸಲು. ನಿಘಂಟಿನಲ್ಲಿ ಒತ್ತಿನ ಉಚ್ಚಾರಾಂಶಕ್ಕೆ ಮೊದಲು, ಮೇಲ್ಗಡೆ, ಒಂದು ಸಣ್ಣ ಗೀಟಿರುತ್ತದೆ. ಅದನ್ನು ಹುಡುಕಿಸುತ್ತೇನೆ. ಆಮೇಲೆ ಚಪ್ಪಾಳೆ: ಉಚ್ಚಾರಾಂಶಕ್ಕೊಂದು, ಒತ್ತಿದ್ದಲ್ಲಿ ಜೋರಾಗಿ. “ಇದೇನ್ರೀ ಭಜನೆ?” ಎಂದು ಪಕ್ಕದ ತರಗತಿಯ ಗಣಿತದ ಮೇಡಂ ಇಣುಕುತ್ತಾರೆ. ಹಿಂದಿನ ಬೆಂಚಿನ ಹುಡುಗಿಯರು ಇನ್ನೂ ಜೋರಾಗಿ ತಟ್ಟುತ್ತಾರೆ.