ಕಲ್ಲು ತಾನೇ ಹೋಯ್ತು

ಕಳೆದ ಭಾನುವಾರ ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಐಸ್‌ಕ್ರೀಮ್ ಕಡ್ಡಿಗಳಲ್ಲಿ ಒಂದು ಕವಣೆಯಂತ್ರ ಮಾಡಿದಳು. ಏಳೆಂಟು ಕಡ್ಡಿಗಳ ಕಟ್ಟು, ಅದರ ಮೇಲೆ ಬಾಗುವ ಇನ್ನೊಂದು ಕಡ್ಡಿ, ತುದಿಗೆ ಅಂಟಿಸಿದ ಬಾಟಲಿ ಮುಚ್ಚಳ, ಬಿಗಿಯಲು ರಬ್ಬರ್ ಬ್ಯಾಂಡು. ಮುಚ್ಚಳದಲ್ಲಿ ಕಡಲೆಕಾಳು ಇಟ್ಟು ಒತ್ತಿ ಬಿಟ್ಟರೆ, ನಮ್ಮ ಪುಣೆಯ ಫ್ಲ್ಯಾಟಿನ ಈ ಗೋಡೆಯಿಂದ ಆ ಗೋಡೆಗೆ. ಜೊತೆಗೊಂದು ಹಾಳೆ ತುಂಬಬೇಕಿತ್ತು. ‘ಶಕ್ತಿಯ ಮೂಲ ಯಾವುದು?’ ಎಂಬಲ್ಲಿ ‘ರಬ್ಬರ್ ಬ್ಯಾಂಡ್’ ಎಂದು ಬರೆದಿದ್ದಳು.

“ತಪ್ಪು” ಅಂದೆ. ದನಿ ಬೇಕಾದ್ದಕ್ಕಿಂತ ಗಡುಸಾಗಿತ್ತು. ಅವಳು ತಲೆಯೆತ್ತಿ ನೋಡಿದಳು. ಕಾರಣ ಹೇಳಲೇಬೇಕಾಯಿತು.

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ನನ್ನ ಬಳಿ ಒಂದು ಕ್ಯಾಟರ್‌ಬಿಲ್ಲು ಇತ್ತು. ಪೇರಲೆ ಮರದ ಕವೆ, ಸೈಕಲ್ ಟ್ಯೂಬಿನ ಎರಡು ಪಟ್ಟಿ, ಕಲ್ಲಿಡಲು ಹಳೆ ಚಪ್ಪಲಿಯ ತೊಗಲು. ಐದನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ, ಅಂಗಳದ ಚಪ್ಪರದ ಮೇಲೆ ಕೂತಿದ್ದ ಪಿಕಳಾರಕ್ಕೆ ಗುರಿಯಿಟ್ಟೆ. ತಾಗೀತೆಂದು ನಾನೇ ಅಂದುಕೊಂಡಿರಲಿಲ್ಲ. ಅಜ್ಜಿ ಹೊರಗೆ ಬಂದಾಗ ಹಕ್ಕಿ ನನ್ನ ಅಂಗೈಯಲ್ಲಿತ್ತು, ಇನ್ನೂ ಬೆಚ್ಚಗೆ.

“ನಾನು ಹೊಡೀಲಿಲ್ಲ ಅಜ್ಜಿ. ಸುಮ್ನೆ ಎಳ್ದು ಬಿಟ್ಟೆ ಅಷ್ಟೆ. ಕಲ್ಲು ತಾನೇ ಹೋಯ್ತು.”

ಅಜ್ಜಿ ಬೈಯಲಿಲ್ಲ. ಬಾಳೆ ಬುಡದಲ್ಲಿ ಗುಂಡಿ ತೋಡು ಅಂದಳು.

ಎಂಜಿನಿಯರಿಂಗ್ ಓದುವಾಗ ಒಂದು ರಾತ್ರಿ ಹಾಸ್ಟೆಲಿನಲ್ಲಿ ಆ ಕಲ್ಲಿನ ಲೆಕ್ಕ ಹಾಕಿದೆ. ಪಟ್ಟಿಯನ್ನು 30 ಸೆಂಟಿಮೀಟರ್ ಎಳೆದೆ ಎನ್ನಿ. ಎಳೆದಂತೆಲ್ಲ ಬಿಗಿ ಹೆಚ್ಚುತ್ತ ಕೊನೆಗೆ 4 ಕಿಲೋ ಎತ್ತುವಷ್ಟು ಬಲ ಬೇಕು. ಒಟ್ಟು ಸುಮಾರು 6 ಜೂಲ್. ಒಂದು ಲೀಟರ್ ನೀರಿನ ಬಾಟಲಿಯನ್ನು ನೆಲದಿಂದ ಎತ್ತಿ ಮಂಚದ ಮೇಲಿಡುವಷ್ಟು, ಅಷ್ಟೇ. ಅದರಲ್ಲಿ ಅರ್ಧ ಪೋಲಾದರೂ 10 ಗ್ರಾಮಿನ ಕಲ್ಲು ಗಂಟೆಗೆ 85 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಹೊರಡುತ್ತದೆ. ಗುಟ್ಟಿರುವುದು ಸಮಯದಲ್ಲಿ. ಕೈ ಒಂದು ಸೆಕೆಂಡಿನಲ್ಲಿ ತುಂಬಿದ್ದನ್ನು ರಬ್ಬರು ಸೆಕೆಂಡಿನ 50ರಲ್ಲೊಂದು ಭಾಗದಲ್ಲಿ ಬಿಟ್ಟುಕೊಡುತ್ತದೆ.

ರಬ್ಬರಿನೊಳಗೆ ಅಣುಗಳ ಉದ್ದುದ್ದ ಸರಪಳಿಗಳು ಗೋಜಲಾಗಿ ಬಿದ್ದಿರುತ್ತವೆ. ಎಳೆದರೆ ನೆಟ್ಟಗಾಗುತ್ತವೆ, ಬಿಟ್ಟರೆ ಮತ್ತೆ ಗೋಜಲಿಗೆ ಓಡುತ್ತವೆ. ಅಗಲವಾದ ರಬ್ಬರ್ ಬ್ಯಾಂಡನ್ನು ಫಕ್ಕನೆ ಎಳೆದು ತುಟಿಗೆ ತಾಗಿಸಿ ನೋಡಿ, ಬಿಸಿ ತಿಳಿಯುತ್ತದೆ. ಹಿಂದೆ ಗ್ರೀಕರು, ರೋಮನ್ನರು ಪ್ರಾಣಿಗಳ ನರಗಳನ್ನು ಹೊಸೆದು ಬಿಗಿದ ಕಟ್ಟಿನಲ್ಲಿ ಶಕ್ತಿ ಕೂಡಿಡುತ್ತಿದ್ದರು. ಮಧ್ಯಯುಗದಲ್ಲಿ ಕೋಟೆ ಒಡೆಯುವವರು ಎತ್ತರಕ್ಕೇರಿಸಿದ ಭಾರದಲ್ಲಿ ಕೂಡಿಟ್ಟರು. ಎಷ್ಟೋ ಜನ ಎಷ್ಟೋ ಹೊತ್ತು ಬೆವರಿ ಎಳೆದದ್ದು ಒಂದೇ ಕ್ಷಣಕ್ಕೆ ಹೊರಬರುತ್ತಿತ್ತು. ಆದರೆ ಆ ಯಾವ ಯಂತ್ರವೂ ತನ್ನ ಲೆಕ್ಕದಿಂದ ಒಂದು ಜೂಲ್ ಕೂಡ ಸೇರಿಸಲಿಲ್ಲ.

ಹಾಸ್ಟೆಲಿನ ಹಾಳೆಯ ಮೇಲೆ ನನಗೆ ಕಂಡದ್ದೂ ಅದೇ. 6 ಜೂಲನ್ನೂ ಹತ್ತು ವರ್ಷದ ಒಂದು ಕೈ ಕೊಟ್ಟಿತ್ತು. ಆ ಕೈ ಬೆಳಿಗ್ಗೆ ಅಜ್ಜಿ ಹುಯ್ದ ದೋಸೆ ತಿಂದಿತ್ತು. ಕಲ್ಲು ತಾನೇ ಹೋಗಿರಲಿಲ್ಲ. ಅಷ್ಟು ಹೊತ್ತಿಗೆ ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು. ಯಾರಿಗೆ ಹೇಳುವುದು?

ಮಗಳು ಏನೂ ಅನ್ನದೆ ‘ರಬ್ಬರ್ ಬ್ಯಾಂಡ್’ ಅಳಿಸಿ ‘ನನ್ನ ಬೆರಳು’ ಎಂದು ಬರೆದಳು. ಆಮೇಲೆ ಕಡಲೆಕಾಳು ಇಟ್ಟು ಕಡ್ಡಿ ಒತ್ತಿದಳು. ಬಾಲ್ಕನಿಯ ಗ್ರಿಲ್ಲಿನ ಮೇಲೆ ದಿನಾ ಗಲೀಜು ಮಾಡುವ ಪಾರಿವಾಳ ಕೂತಿತ್ತು. ಅದರತ್ತ ನೋಡಿದಳು, ನನ್ನತ್ತ ನೋಡಿದಳು. ಬೆರಳು ತೆಗೆಯದೆ ಕಡ್ಡಿಯನ್ನು ಮೆಲ್ಲಗೆ ಮೇಲೆ ಬರಲು ಬಿಟ್ಟಳು. ಕಾಳು ಮುಚ್ಚಳದಲ್ಲೇ ಉಳಿಯಿತು.

“ಅಪ್ಪಾ, ಈಗ ಆ ಶಕ್ತಿ ಎಲ್ಲಿ ಹೋಯ್ತು?”

“ನಿನ್ನ ಬೆರಳೇ ವಾಪಸ್ ತಗೊಂಡಿತು” ಅಂದೆ. “ಎಲ್ಲೋ ಚೂರು ಬಿಸಿಯಾಗಿರುತ್ತೆ.”

ಅವಳು ಬೆರಳನ್ನು ತುಟಿಗೆ ತಾಗಿಸಿ ನೋಡಿಕೊಂಡಳು.