ಒಂದು ತುಟಿಯ ವ್ಯತ್ಯಾಸ

ತುಂಬೆಯನ್ನು ಬಿತ್ತಿ ಬೆಳೆದವರನ್ನು ನಾನಂತೂ ಕಂಡಿಲ್ಲ. ನಾಲ್ಕು ಮಳೆ ಬಿದ್ದರೆ ಸಾಕು, ಹೊಲದ ಬದು, ಹಿತ್ತಲು, ಗುಡಿಯ ಪೌಳಿ ಎನ್ನದೆ ತಾನೇ ಎದ್ದು ನಿಲ್ಲುತ್ತದೆ. ಶಿವನಿಗೆ ಪ್ರಿಯವೆಂದು ಹೂ ಬಿಡಿಸುತ್ತಾರೆ. ನೆಗಡಿಯಾದರೆ ಎಲೆ ಹಿಂಡುತ್ತಾರೆ. ಮಕ್ಕಳು ಹೂ ಕಿತ್ತು ಬುಡ ಚೀಪುತ್ತಾರೆ. ಮೊಣಕಾಲೆತ್ತರದ ಗಿಡಕ್ಕೆ ಎಷ್ಟೊಂದು ಬಳಕೆ!

ಇದರ ದಾಯಾದಿಯೊಂದು ಊರಾಚೆಯ ಹಾಳುಜಾಗದಲ್ಲಿ, ಯಾರೋ ಮಣ್ಣು ಸುರಿದುಹೋದ ಗುಡ್ಡೆಯ ಮೇಲೆ ಆಳೆತ್ತರ ಬೆಳೆದಿರುತ್ತದೆ. ಸಸ್ಯಶಾಸ್ತ್ರದವರು ಲಿಯೊನೋಟಿಸ್ ನೆಪೆಟಿಫೋಲಿಯ ಅನ್ನುತ್ತಾರೆ. ಗೆಣ್ಣು ಗೆಣ್ಣಿಗೂ ಕಾಂಡವನ್ನು ಸುತ್ತಿದ ಮುಳ್ಳುಚೆಂಡು, ಅದರೊಳಗಿಂದ ಹೊರಚಾಚಿದ ಕಿತ್ತಳೆ ಬಣ್ಣದ ಹೂ. ಕೀಳಹೋದರೆ ಬೆರಳಿಗೆ ಚುಚ್ಚುತ್ತದೆ. ಯಾವ ದೇವರೂ ಇದನ್ನು ಕೇಳಿದಂತಿಲ್ಲ.

ಎರಡರ ಕಾಂಡವನ್ನೂ ಬೆರಳ ನಡುವೆ ಹೊರಳಿಸಿದರೆ ತುಳಸಿಯ ಮನೆತನದ ನಾಲ್ಕು ಮೂಲೆ ಕೈಗೆ ಸಿಗುತ್ತವೆ. ಎಲೆಗಳು ಎದುರುಬದುರು, ಹೂವೊಂದಕ್ಕೆ ಕಟ್ಟುವ ಬೀಜ ಹೆಚ್ಚೆಂದರೆ ನಾಲ್ಕು. ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1810ರಲ್ಲಿ ಒಂದೇ ಪುಸ್ತಕದಲ್ಲಿ ಇವೆರಡಕ್ಕೂ ಬೇರೆ ಬೇರೆ ಕುಲ ಕಟ್ಟಿಕೊಟ್ಟ.

ಬೇರೆತನ ನೋಡಬೇಕೆಂದರೆ ಹೂವಿನ ತುಟಿ ನೋಡಬೇಕು. ತುಂಬೆಯ ಬಿಳಿ ಕೆಳತುಟಿ ಮನೆಮುಂದಿನ ಜಗಲಿಯಂತೆ ಅಗಲವಾಗಿ ಚಾಚಿಕೊಂಡಿದೆ. ತುಡುವೆಜೇನು ಬಂದು ಅದರ ಮೇಲಿಳಿದು ತಲೆ ತೂರಿಸುತ್ತದೆ; ರೋಮ ತುಂಬಿದ ಪುಟ್ಟ ಮೇಲ್ತುಟಿಯಡಿ ಅಡಗಿದ ಕೇಸರಗಳು ಅದರ ಮೈಗೆ ಪರಾಗ ಬಳಿಯುತ್ತವೆ. ಕಿತ್ತಳೆ ಹೂವಿನಲ್ಲಿ ಎಲ್ಲ ತಿರುವುಮುರುವು. ಮೇಲ್ತುಟಿ ಉದ್ದಕ್ಕೆ ಬಾಗಿ, ಮೈತುಂಬ ಮಖಮಲ್ಲಿನ ರೋಮ ಹೊದ್ದಿದೆ. ಕೆಳತುಟಿ ಹೆಸರಿಗಷ್ಟೇ, ಅದೂ ಬೇಗ ಬಾಡಿ ಮುದುಡುತ್ತದೆ. ಇಳಿಯಲು ಜಾಗವಿಲ್ಲವಲ್ಲ ಅಂದರೆ, ಇಲ್ಲಿನ ಮುಖ್ಯ ಗಿರಾಕಿಗೆ ಅದು ಬೇಕೇ ಇಲ್ಲ. ಸೂರಕ್ಕಿ ಕಾಂಡವನ್ನು ಹಿಡಿದು ಕೂತು ಬಾಗುಕೊಕ್ಕನ್ನು ನಳಿಕೆಗೆ ಇಳಿಬಿಡುತ್ತದೆ. ಪರಾಗ ತಲೆಗೆ ಮೆತ್ತಿಕೊಳ್ಳುತ್ತದೆ.

ಗಿಡದ ತವರು ಆಫ್ರಿಕ. ಅಲ್ಲೂ ಈ ಹೂಗಳಿಗೆ ಬರುವುದು ಸೂರಕ್ಕಿಗಳೇ. ಕಡಲು ದಾಟಿ ಬಂದಮೇಲೆ ನಮ್ಮ ಸೂರಕ್ಕಿಗಳಿಗೆ ಯಾರೂ ಪರಿಚಯ ಮಾಡಿಸಬೇಕಾಗಲಿಲ್ಲ. ಪರದೇಶದ ಕಳೆಯೆಂದು ಮೂಗು ಮುರಿಯುವವರ ಜೊತೆ ನಾನೂ ಅರ್ಧ ಒಪ್ಪುತ್ತೇನೆ, ಹಿತ್ತಲಿಗೆ ಕರೆಯಲಾರೆ. ಆದರೆ ಪೂಜೆಯ ಬುಟ್ಟಿಗೆ ಸೇರದ್ದರಿಂದ ಹಕ್ಕಿಗೊಂದು ಲಾಭವಾಗಿದೆ: ಬೆಳಿಗ್ಗೆ ಅರಳಿದ ಹೂ ಮಧ್ಯಾಹ್ನವೂ ಗಿಡದಲ್ಲೇ ಇರುತ್ತದೆ.