ಹೊಟ್ಟೆಯೊಳಗಿನ ಕಿಚ್ಚು

ನಮ್ಮ ನುಡಿಯು ದೇಹದ ಹಲವು ಅಂಗಗಳಿಗೆ ಒಂದೊಂದು ಮರ್ಯಾದೆಯನ್ನು ಸಲ್ಲಿಸಿದೆ. ಮಮತೆಗೆ ಕರುಳು, ಧೈರ್ಯಕ್ಕೆ ಗುಂಡಿಗೆ, ಮತ್ಸರಕ್ಕೆ ಹೊಟ್ಟೆ. ಸುಮಾರು ಒಂದೂವರೆ ಕಿಲೋ ತೂಗುವ ಯಕೃತ್ತಿಗೆ ಮಾತ್ರ ಆ ಭಾಗ್ಯವಿಲ್ಲ. ಬಡಪಾಯಿ ಅಂಗವು ಜನರ ನೆನಪಿಗೆ ಬರುವುದು ಕುಡುಕರ ಕಥೆ ಎದ್ದಾಗಲೇ.

ನಮ್ಮ ದೊಡ್ಡಪ್ಪನವರು ಮದ್ಯವನ್ನು ಮೂಸಿಯೂ ನೋಡಿದವರಲ್ಲ. ಇಪ್ಪತ್ತು ವರ್ಷಗಳಿಂದ ಅವರಿಗಿರುವುದು ಮಧುಮೇಹ. ಯಕೃತ್ತು ಗಡುಸಾಗಿದೆಯೆಂದು ವೈದ್ಯರು ಹೇಳಿದ ದಿನದಿಂದ ನೆಂಟರ ಕಣ್ಣುಗಳಲ್ಲಿ ಒಂದು ಪ್ರಶ್ನೆ ಸುಳಿಯತೊಡಗಿತು. ಕಾಯಿಲೆಗಿಂತ ಹೆಚ್ಚಾಗಿ ಆ ಪ್ರಶ್ನೆಯೇ ಅವರನ್ನು ಕುಗ್ಗಿಸಿತು. ಅವರ ಪರವಾಗಿ ನಾಲ್ಕು ಮಾತನಾಡುವುದು ನನ್ನ ಉದ್ದೇಶ.

ಯಕೃತ್ತು ದೇಹದ ಉಗ್ರಾಣ. ಅದು ಸಕ್ಕರೆಯನ್ನು ಕೂಡಿಡುವ ರೂಪವಾದ ಗ್ಲೈಕೋಜನ್ನನ್ನು 1857ರಲ್ಲಿ ಬೇರ್ಪಡಿಸಿ ತೋರಿಸಿದವರು ಫ್ರಾನ್ಸಿನ ಕ್ಲೋದ್ ಬರ್ನಾರ್. ಉಂಡಾಗ ಕೂಡಿಡುವುದು, ಹಸಿದಾಗ ಬಿಚ್ಚಿಕೊಡುವುದು ಉಗ್ರಾಣದ ಧರ್ಮ. ಬೀಗದ ಕೈ ಇರುವುದು ಇನ್ಸುಲಿನ್ ಎಂಬ ಯಜಮಾನಿಯ ಬಳಿ. ಬಹುಮಂದಿಗೆ ಬರುವ ಎರಡನೆಯ ಬಗೆಯ ಮಧುಮೇಹದಲ್ಲಿ ಆಕೆಯ ಮಾತು ನಡೆಯದು. ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಉಗ್ರಾಣವು ಇನ್ನಷ್ಟನ್ನು ಸುರಿಯುತ್ತದೆ. ಸಾಲದೆಂಬಂತೆ ಕೊಬ್ಬೂ ಬಂದು ಅಲ್ಲಿಯೇ ಬೀಡುಬಿಡುತ್ತದೆ.

ಜೀವಕೋಶಗಳಲ್ಲಿ ಮೈಟೋಕಾಂಡ್ರಿಯವೆಂಬ ಪುಟ್ಟ ಒಲೆಗಳಿವೆ. ಅಳತೆ ಮೀರಿ ಸೌದೆ ತುರುಕಿದ ಒಲೆಯಿಂದ ಕಿಡಿ ಹಾರುವಂತೆ, ಅಲ್ಲಿಂದ ಆಮ್ಲಜನಕದ ಉಗ್ರ ಕಣಗಳು ಸಿಡಿಯುತ್ತವೆ. ಅವನ್ನು ಆರಿಸಲು ಗ್ಲುಟಾಥಯೋನ್ ಎಂಬ ನೀರು ಯಕೃತ್ತಿನಲ್ಲೇ ಉಂಟು. ಕಿಡಿ ಹೆಚ್ಚಿ ನೀರು ಸಾಲದಾದ ಸ್ಥಿತಿಗೇ ಉತ್ಕರ್ಷಣ ಒತ್ತಡವೆಂದು ಹೆಸರು. ಕೋಶಗಳ ಪೊರೆ ಸುಡುತ್ತದೆ, ಉರಿಯೂತ ಏಳುತ್ತದೆ, ಗಾಯ ಮುಚ್ಚಲೆಂದು ಬೆಳೆದ ನಾರು ಮೆತ್ತನೆಯ ಅಂಗವನ್ನು ಗಡುಸಾಗಿಸುತ್ತದೆ. ಇಷ್ಟಕ್ಕೆ ಒಂದು ಹನಿ ಮದ್ಯವೂ ಬೇಕಿಲ್ಲ!

ಯಕೃತ್ತು ವರ್ಷಗಟ್ಟಲೆ ನೋವೆಂದು ಕೂಗಿಕೊಳ್ಳದು. ಆದುದರಿಂದ ಮಧುಮೇಹಿಗಳು ಕಣ್ಣು, ಮೂತ್ರಪಿಂಡಗಳಂತೆಯೇ ಅದನ್ನೂ ಪರೀಕ್ಷಿಸಿಕೊಳ್ಳುವುದು ಕ್ಷೇಮ. ಬೇಗನೆ ತಿಳಿದರೆ ದಾರಿಯುಂಟು: ಸ್ಥೂಲಕಾಯರು ವೈದ್ಯರ ಸಲಹೆಯಂತೆ ತೂಕದಲ್ಲಿ ಹತ್ತರಲ್ಲೊಂದು ಪಾಲನ್ನು ಇಳಿಸಿದರೆ ಕೊಬ್ಬು ಕರಗುವುದುಂಟು; ನಾರು ಕೂಡ ಸಡಿಲಗೊಳ್ಳಬಹುದು.

ಈ ಕಾಯಿಲೆಯ ಹೆಸರಿನಲ್ಲಿ ಹಿಂದೆ 'ಮದ್ಯೇತರ' ಎಂಬ ವಿಶೇಷಣವಿತ್ತು. ನಿರಪರಾಧಿಯ ಹೆಸರಿಗೂ ಅಪರಾಧದ ಸೋಂಕು! 2023ರಲ್ಲಿ ವಿವಿಧ ದೇಶಗಳ ಯಕೃತ್ ತಜ್ಞರು ಅದನ್ನು ಕಿತ್ತುಹಾಕಿ ಹೊಸ ಹೆಸರಿಟ್ಟರು. ಸುದ್ದಿಯನ್ನು ದೊಡ್ಡಪ್ಪನವರಿಗೆ ತಿಳಿಸಿದೆ. ಅವರು ಮೆಲ್ಲನೆ ನಕ್ಕು, "ಒಳ್ಳೆಯದಾಯಿತಪ್ಪಾ. ನಮ್ಮ ನೆಂಟರಿಗೂ ಒಂದು ಮಾತು ಹೇಳಿಬಿಡು" ಎಂದರು.